ಸೈರನ್ ಆದ್ಮೇಲೆ ಆರ್ಕೆಸ್ಟ್ರಾ

"ಅಮ್ಮಾ, ಆಫೀಸಲ್ಲಿ ಒಂದು ಲೈವ್ ಬ್ಯಾಂಡ್ ಸೇರಿದೀನಿ" ಅಂತ 2008ರ ಒಂದು ಭಾನುವಾರ ಊಟದ ಹೊತ್ತಲ್ಲಿ ಹೇಳಿದ್ದೇ ನಾನು ಮಾಡಿದ ತಪ್ಪು. ಅಮ್ಮನ ಕೈಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಆ ದಿನಗಳಲ್ಲಿ ಬೆಂಗಳೂರಿನ ಕನ್ನಡ ಪೇಪರುಗಳಲ್ಲಿ 'ಲೈವ್ ಬ್ಯಾಂಡ್' ಅಂದ್ರೆ ಒಂದೇ ಅರ್ಥ. ಬಾರು, ಮಂದ ಬೆಳಕು, ಪೊಲೀಸ್ ದಾಳಿ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ವ್ಯಾನು ಹತ್ತುತ್ತಿರೋ ಹೆಣ್ಣುಮಕ್ಕಳ ಫೋಟೋ. ಅಮ್ಮ ಆ ಫೋಟೋದಲ್ಲಿ ನನ್ನನ್ನೇ ನೋಡಿಬಿಟ್ಟಳು ಅನ್ಸುತ್ತೆ.

ಕೀಬೋರ್ಡು, ಗಿಟಾರು, ಡ್ರಮ್ಸು, ಐದು ಜನ ಸಹೋದ್ಯೋಗಿಗಳು, ಸಿನಿಮಾ ಹಾಡು, ಶನಿವಾರ ಬೆಳಗ್ಗೆ ಪ್ರಾಕ್ಟೀಸು ಅಂತೆಲ್ಲ ಬಿಡಿಸಿ ಹೇಳಿದ ಮೇಲೆ ಅವಳ ಉಸಿರು ಇಳಿಯಿತು. "ಹಾಗಾದ್ರೆ ಆರ್ಕೆಸ್ಟ್ರಾ ಅನ್ನೇ! ಲೈವ್ ಬ್ಯಾಂಡು ಗೀವ್ ಬ್ಯಾಂಡು ಅಂತ ಹೊರಗೆಲ್ಲೂ ಬಾಯಿ ಬಿಡಬೇಡ. ನಿಮ್ಮ ಮಾವನೂ ಫ್ಯಾಕ್ಟರಿ ಆರ್ಕೆಸ್ಟ್ರಾದಲ್ಲಿ ಇದ್ದೋನೇ ತಾನೆ?"

ಮಾವ ಆರ್ಕೆಸ್ಟ್ರಾದಲ್ಲಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ನನ್ನ ಪಾಲಿಗೆ ಅವರು ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಿಂದ ರಿಟೈರ್ ಆದ, ಮದುವೆ ಮನೇಲಿ ವಾಲಗದವರ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂರುವ ಮಾವ, ಅಷ್ಟೇ.

ಅಮ್ಮನ ಭಯಕ್ಕೆ ಕಾರಣ ಇಲ್ಲದೇ ಇರಲಿಲ್ಲ. ಸಾರ್ವಜನಿಕ ಮನರಂಜನೆಯ ಸ್ಥಳಗಳಿಗೆ ಲೈಸೆನ್ಸ್ ಬೇಕು ಅನ್ನೋ ಬೆಂಗಳೂರು ಪೊಲೀಸರ ಆದೇಶ ಹೊರಬಿದ್ದದ್ದು 2005ರಲ್ಲಿ. ಅದನ್ನ ಹಿಡ್ಕೊಂಡು 2008ರಲ್ಲಿ ಪಬ್ಬುಗಳಲ್ಲಿ ಸಂಗೀತ, ಕುಣಿತ ಎರಡನ್ನೂ ನಿಲ್ಲಿಸಿಬಿಟ್ಟರು. ಗುರಿಯಿದ್ದದ್ದು ಡ್ಯಾನ್ಸ್ ಬಾರುಗಳ ಮೇಲೆ. ಏಟು ಬಿದ್ದದ್ದು ಗಿಟಾರ್ ಹಿಡಿದ ಹುಡುಗರಿಗೆ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2018ರಲ್ಲಿ ಕೋರ್ಟು ಆದೇಶವನ್ನ ಎತ್ತಿಹಿಡಿದ ಮೇಲೆ ಮತ್ತೊಂದು ಸುತ್ತು ಪಬ್ಬುಗಳು ಮೌನವಾದವು. ದೇಶದ ರಾಕ್ ರಾಜಧಾನಿ ಅಂತ ಕರೆಸಿಕೊಂಡ ಊರಿನ ಕತೆ ಇದು.

ಇರ್ಲಿ. ನಮ್ಮ ಐದು ಜನರ ವಿಷಯಕ್ಕೆ ಬರ್ತೀನಿ.

ಹೊರವರ್ತುಲ ರಸ್ತೆಯ ಒಂದು ಗಾಜಿನ ಕಟ್ಟಡದಲ್ಲಿ ನಮ್ಮ ಆಫೀಸು. ಡ್ರಮ್ಸ್ ಬಾರಿಸ್ತಿದ್ದವನು ಟೆಸ್ಟಿಂಗ್ ಟೀಮಿನ ಹಾಸನದ ಹುಡುಗ. ಬೇಸ್ ಗಿಟಾರಿನವರು ಪೇರೋಲ್ ವಿಭಾಗದಲ್ಲಿದ್ದರು, ಅಂದ್ರೆ ನಮ್ಮೆಲ್ಲರ ಸಂಬಳ ಎಷ್ಟು ಅಂತ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರ್ತಿದ್ದ ಪುಣ್ಯಾತ್ಮ. ಹಾಡ್ತಿದ್ದದ್ದು ಹೆಲ್ಪ್ ಡೆಸ್ಕಿನ ಹುಬ್ಬಳ್ಳಿ ಹುಡುಗ. ಎಸ್ಪಿಬಿ ಅಂದ್ರೆ ಪ್ರಾಣ. ಲೀಡ್ ಗಿಟಾರು ನಮ್ಮ ಮ್ಯಾನೇಜರ್‌ದು. ನಾನೂ ಡ್ರಮ್ಸ್ ಹುಡುಗನೂ ಇಬ್ಬರೂ ಅವರ ಕೈಕೆಳಗೆ. ಕೀಬೋರ್ಡು ನಂದು. ಸೀನಿಯರ್ ಪರೀಕ್ಷೆಗೆ ಕಟ್ಟಿ ಅರ್ಧಕ್ಕೆ ಬಿಟ್ಟ ಕರ್ನಾಟಕ ಸಂಗೀತ, ಚಿಕ್ಕಂದಿನ ಕ್ಯಾಸಿಯೋ, ಇಷ್ಟೇ ನನ್ನ ಬಂಡವಾಳ.

ಮೊದಲ ಶನಿವಾರ ನಡೆದದ್ದು ಸಂಗೀತ ಅಲ್ಲ, ಭಾಷಾ ಸಮಸ್ಯೆ. ಹುಬ್ಬಳ್ಳಿ ಹುಡುಗ "ಮೇಡಂ, ಕರಿ ಎರಡು ಹಿಡೀರಿ" ಅಂದ. ನಾನು ಎರಡೂವರೆ ಮನೆ ಶ್ರುತಿ ಹಿಡಿದೆ. ಮ್ಯಾನೇಜರು "ಯಾವ ಸ್ಕೇಲಪ್ಪಾ, ಡಿ ಶಾರ್ಪಾ?" ಅಂತ ಮೂರು ಸಲ ಕೇಳಿದರು. ಅರ್ಧ ಗಂಟೆ ಆದ ಮೇಲೆ ಗೊತ್ತಾಯ್ತು, ಮೂರೂ ಒಂದೇ! ಹಿಂದೂಸ್ತಾನಿಯವರು ಹಾರ್ಮೋನಿಯಂನ ಕಪ್ಪು ಮನೆ ಎಣಿಸ್ತಾರೆ, ಕರ್ನಾಟಕದವರು ಮನೆ, ಅರ್ಧ ಮನೆ ಅಂತ ಲೆಕ್ಕ ಹಾಕ್ತಾರೆ, ಗಿಟಾರಿನವರಿಗೆ ಇಂಗ್ಲಿಷ್ ಅಕ್ಷರ. ಗಿಟಾರಿನಲ್ಲಿ ಈ ಡಿ ಶಾರ್ಪ್ ಅನ್ನೋದು ಬೆರಳಿಗೆ ಹಿಂಸೆ. ಕೊನೆಗೆ ಅವರು ಮೊದಲ ಮನೆಗೆ ಕ್ಯಾಪೋ ಬಿಗಿದು ಡಿ ನುಡಿಸೋ ಹಾಗೆ ನುಡಿಸಿದರು. ನಮ್ಮ ಬ್ಯಾಂಡಿನ ಮೊದಲ ಒಪ್ಪಂದ ಅದು.

ಪ್ರಾಕ್ಟೀಸ್ ಕೋಣೆ ಬಾಡಿಗೆ ಗಂಟೆಗೆ 300 ರೂಪಾಯಿ. ಐದು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ಅರವತ್ತು. ಗೋಡೆಗೆಲ್ಲ ಕಂದು ಬಣ್ಣದ ಸ್ಪಂಜು, ಕಿಟಕಿ ಇಲ್ಲ, ಎಸಿ ಇದ್ದೂ ಇಲ್ಲ. ಆದ್ರೂ ವಾರವಿಡೀ ನಾನು ಕಾಯ್ತಿದ್ದದ್ದು ಆ ಎರಡು ಗಂಟೆಗೆ. ಆ ಕೋಣೇಲಿ ಹುಕುಂ ಹೊರಡ್ತಿದ್ದದ್ದು ಡ್ರಮ್ಸ್ ಹುಡುಗನಿಂದ. "ಸರ್, ಮತ್ತೆ ಫಾಸ್ಟ್ ಹೋದ್ರಿ. ನನ್ನ ಕಿಕ್ ಕೇಳಿಸ್ಕೊಳ್ಳಿ ಸರ್" ಅಂತ ಅವನು ಮ್ಯಾನೇಜರಿಗೆ ಗದರ್ತಿದ್ದ. ಅವರು "ಸಾರಿ ಸಾರಿ, ಇನ್ನೊಂದ್ಸಲ" ಅಂತಿದ್ದರು. ಸೋಮವಾರದ ಮೀಟಿಂಗಿನಲ್ಲಿ ಅದೇ ಹುಡುಗ ಬಾಯಿಬಿಡ್ತಿರಲಿಲ್ಲ. ಶನಿವಾರದ ಸರ್ ಬೇರೆ, ಸೋಮವಾರದ ಸರ್ ಬೇರೆ ಅನ್ನೋದು ಇಬ್ಬರಿಗೂ ಗೊತ್ತಿತ್ತು.

ಇದನ್ನೆಲ್ಲ ಮಾವನಿಗೆ ಹೇಳಿದಾಗ ಅವರು ನಕ್ಕರು. "ಏನಮ್ಮಾ ಪುಟ್ಟಿ, ಇದೇನು ನಿಮ್ಮ ಕಾಲದಲ್ಲಿ ಹುಟ್ಟಿದ್ದು ಅನ್ಕೊಂಡ್ಯಾ? ನಮ್ಮ ಫೋರ್‌ಮನ್ ಟ್ರಯಾಂಗಲ್ ಹಿಡ್ಕೊಂಡು ಮೂಲೇಲಿ ನಿಂತ್ಕೊಳ್ಳೋನು. ಹೆಲ್ಪರ್ ಒಬ್ಬ ಲೀಡ್ ಹಾಡೋನು. ತಪ್ಪಿದ್ರೆ ಫೋರ್‌ಮನ್ನಿಗೆ ಬೈಯೋನೂ ಅವನೇ!" ಆಮೇಲೆ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿದರು. ಅದರಲ್ಲಿ ಉದ್ದನೆಯ ಲೆಕ್ಕದ ಪುಸ್ತಕ, ಅದರ ತುಂಬ ಸರಿಗಮ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಕೆಲಸ ಮುಗಿಸಿ, ಜೊತೆ ಕೆಲಸದವರನ್ನೇ ಕಟ್ಟಿಕೊಂಡು ಹಾಡೋದು, ಆಡೋದು ಈ ಊರಲ್ಲಿ ಯಾವಾಗಿಂದ ಅಂತ ಹುಡುಕ್ತಾ ಹೋದೆ.

ಹಳೇ ತುದಿ ಸಿಗೋದು ನಾಟಕದಲ್ಲಿ. ಅಮೆಚೂರ್ ಡ್ರಾಮ್ಯಾಟಿಕ್ ಅಸೋಸಿಯೇಷನ್ ಬೆಂಗಳೂರಲ್ಲಿ ಶುರುವಾದದ್ದು 1909ರಲ್ಲಿ. ವೃತ್ತಿ ಕಂಪನಿಗಳ ನಾಟಕದ ಅಬ್ಬರ ಸಾಕಾದ, ಇಂಗ್ಲಿಷ್ ಓದಿದ, ಬೇರೆ ಉದ್ಯೋಗ ಇಟ್ಟುಕೊಂಡವರು ಸಂಜೆ ಹೊತ್ತು ಬಣ್ಣ ಹಚ್ಚೋಕೆ ಶುರುಮಾಡಿದ ಕಾಲ. 'ಹವ್ಯಾಸಿ' ಅನ್ನೋ ಪದಕ್ಕೆ ನಮ್ಮಲ್ಲಿ ಮರ್ಯಾದೆ ಬಂದದ್ದು ಹೀಗೆ. ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ಮೈಸೂರು ಸಂಸ್ಥಾನದ ಇಲಾಖೆಯಲ್ಲಿ ಕೆಲಸಕ್ಕಿದ್ದವರು. ಅವರಿಗೆ ನಾಟಕದ ಮುಂದೆ ಬಂಡೆಗಲ್ಲು ನಿಲ್ಲಲಿಲ್ಲ, ಕೆಲಸ ಬಿಟ್ಟರು. ಮೈಸೂರಲ್ಲಿ ಇನ್ನೊಬ್ಬರಿದ್ದರು, ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲೇ ಒಂದು ರೇಡಿಯೋ ಕೇಂದ್ರ ಶುರುಮಾಡಿದರು. ಪಾಠ ಮುಗಿಸಿ ಮನೆಗೆ ಬಂದು ಪ್ರಸಾರ! 'ಆಕಾಶವಾಣಿ' ಅನ್ನೋ ಹೆಸರು ಇಡೀ ದೇಶಕ್ಕೆ ಬಂದದ್ದು ಆ ಮನೆಯಿಂದ. ಸೈಡ್ ಪ್ರಾಜೆಕ್ಟ್ ಅಂತ ನಾವು ಲಿಂಕ್ಡ್‌ಇನ್ನಿನಲ್ಲಿ ಹಾಕ್ಕೊಳ್ಳೋ ಮುಂಚೆ ಒಮ್ಮೆ ಇವರನ್ನ ನೆನೆಸ್ಕೋಬೇಕು.

ಆದ್ರೆ ಗುಮಾಸ್ತರು, ಪ್ರೊಫೆಸರುಗಳ ಕೈಯಿಂದ ಹವ್ಯಾಸ ಅನ್ನೋದು ನೀಲಿ ಅಂಗಿಯವರ ಕೈಗೆ ಬಂದದ್ದು ಕಾರ್ಖಾನೆಗಳು ಬಂದಾಗ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಹದಿನೈದು ವರ್ಷದೊಳಗೆ ಊರಿನ ಪೂರ್ವಕ್ಕೂ ಉತ್ತರಕ್ಕೂ ಹೊಸ ಊರುಗಳೇ ಎದ್ದವು. ಒಂದಕ್ಕಂತೂ ದೂರವಾಣಿನಗರ ಅಂತಲೇ ಹೆಸರು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಆಟದ ಮೈದಾನ, ದೇವಸ್ಥಾನ, ಜೊತೆಗೆ ಒಂದು ಲಲಿತಕಲಾ ಸಂಘ. ಅದಕ್ಕೊಂದು ಬಜೆಟ್ಟು.

ಇದು ಮ್ಯಾನೇಜ್‌ಮೆಂಟಿನ ಔದಾರ್ಯ ಮಾತ್ರ ಅಲ್ಲ. 1948ರ ಕಾರ್ಖಾನೆ ಕಾಯ್ದೆ ತೆಗೆದು ನೋಡಿ. ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸೋ ಹಾಗಿರಲಿಲ್ಲ. 250ಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಕ್ಯಾಂಟೀನ್ ಇಡಬೇಕಿತ್ತು, 500 ಜನರಿದ್ದರೆ ಕ್ಷೇಮಾಧಿಕಾರಿ ಇರಬೇಕಿತ್ತು. ಹಾಡಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಆದ್ರೆ ಹಾಡೋಕೆ ಬೇಕಾದದ್ದು ಏನು? ಹೊತ್ತು, ಜಾಗ, ಮತ್ತೆ ಸಾಮಾನು ಇಡೋಕೆ ಒಂದು ಬೀಗದ ಕೋಣೆ. ಮಧ್ಯಾಹ್ನ ಸೈರನ್ ಕೂಗಿದ್ರೆ ಮೊದಲ ಶಿಫ್ಟಿನವರ ಕೆಲಸ ಮುಗೀತು, ಮತ್ತೆ ನಾಳೆಯೇ. ಫೋನ್ ಬರಲ್ಲ, ಮೇಲ್ ಬರಲ್ಲ. ಕ್ಯಾಂಟೀನಿನ ಟೇಬಲ್ಲು ಗೋಡೆಗೆ ಸರಿಸಿದ್ರೆ ಪ್ರಾಕ್ಟೀಸ್ ಹಾಲ್. ಮಾವನ ಆರ್ಕೆಸ್ಟ್ರಾ ನಡೀತಿದ್ದದ್ದು ಹಾಗೆ.

ಹದಿನಾಲ್ಕು ಜನ ಇದ್ದರಂತೆ. ಹಾರ್ಮೋನಿಯಂ, ಮಾವನ ಅಕಾರ್ಡಿಯನ್, ಮ್ಯಾಂಡೋಲಿನ್ ಎರಡು, ಕೊಳಲು, ತಬಲಾ, ಡೋಲಕ್, ಬಾಂಗೋ, ಕಾಂಗೋ. ಕೈಂಡಿಂಗ್ ಸೆಕ್ಷನ್ನಿನ ಒಬ್ಬ ಹುಡುಗಿ ಎರಡು ವರ್ಷ ಹಾಡಿ, ಮದುವೆಯಾಗಿ ಬಿಟ್ಟಳಂತೆ. ಆಮೇಲೆ ಯುಗಳಗೀತೆಗಳಿಗೆ ಹೊರಗಿನಿಂದ ದುಡ್ಡು ಕೊಟ್ಟು ಗಾಯಕಿಯನ್ನ ಕರೆಸೋರು. ಆಕೆ ಅಣ್ಣನ ಜೊತೆ ಬಂದು, ಎಂಟು ಹಾಡು ಹಾಡಿ, ಅಣ್ಣನ ಜೊತೇಲೇ ಹೋಗೋರು.

ಹಾಡು ಕಲೀತಿದ್ದ ರೀತಿ ಕೇಳಿ ನಾನು ದಂಗಾದೆ. ರೆಕಾರ್ಡ್ ಕೊಳ್ಳೋಕೆ ದುಡ್ಡಿಲ್ಲ, ಟೇಪ್ ರೆಕಾರ್ಡರ್ ಇಡೀ ಸೆಕ್ಷನ್ನಿನಲ್ಲಿ ಯಾರ ಹತ್ರಾನೂ ಇಲ್ಲ. ಇದ್ದದ್ದು ರೇಡಿಯೋ. ಬೆಂಗಳೂರು ಆಕಾಶವಾಣಿ 1955ರ ನವೆಂಬರಿನಲ್ಲಿ, ವಿವಿಧ ಭಾರತಿ 1957ರಲ್ಲಿ ಶುರುವಾಗಿದ್ದವು. ಬೇಕಾದ ಹಾಡು ಬೇಕಾದಾಗ ಬರಲ್ಲವಲ್ಲ? ಅದಕ್ಕೆ ಇಡೀ ಸೆಕ್ಷನ್ನಿನವರು ಒಂದೇ ಹಾಡು ಕೇಳಿ ಕೋರಿಕೆ ಕಾರ್ಡು ಬರೀತಿದ್ದರು! ಕ್ಯಾಂಟೀನಿನವನ ಹೆಸರಲ್ಲೂ ಒಂದು ಕಾರ್ಡು. ಹಾಡು ಬಂತು ಅಂದ್ರೆ ಒಬ್ಬ ಪಲ್ಲವಿ ಬರ್ಕೋಬೇಕು, ಇನ್ನೊಬ್ಬ ಚರಣ, ಮೂರನೆಯವ ಬರೀ ಮಧ್ಯದ ಬಿಜಿಎಂ, ತಬಲಾದವನು ಆವರ್ತ ಎಣಿಸಬೇಕು. ಮೂರೂವರೆ ನಿಮಿಷ ಉಸಿರು ಬಿಡೋ ಹಾಗಿಲ್ಲ. ತಪ್ಪಿಹೋದದ್ದು ಮುಂದಿನ ಸಲಕ್ಕೆ. ಮಾವನ ಪುಸ್ತಕದಲ್ಲಿ ಅಲ್ಲಲ್ಲಿ ಖಾಲಿ ಗೆರೆ ಬಿಟ್ಟು "ಮತ್ತೆ ಕೇಳಬೇಕು" ಅಂತ ಪೆನ್ಸಿಲ್ಲಿನಲ್ಲಿ ಬರೆದಿದೆ.

ಪುಸ್ತಕದ ಮುಕ್ಕಾಲು ಭಾಗ ರಾಜನ್–ನಾಗೇಂದ್ರ. 'ಗಂಧದ ಗುಡಿ' 1973, 'ಎರಡು ಕನಸು' 1974, 'ನಾ ನಿನ್ನ ಮರೆಯಲಾರೆ' 1976. ಮೂರು ವರ್ಷದಲ್ಲಿ ಮೂರು ಸಿನಿಮಾ, ಕಾರ್ಖಾನೆ ಆರ್ಕೆಸ್ಟ್ರಾಗಳಿಗೆ ಹತ್ತು ವರ್ಷದ ದವಸ. ಮೈಸೂರಿನ ಈ ಅಣ್ಣತಮ್ಮಂದಿರ ಹಾಡಿನಲ್ಲಿ ಮಧ್ಯದ ಸಂಗೀತವೂ ಹಾಡಿನಷ್ಟೇ ನೆನಪಲ್ಲಿ ಉಳಿಯುತ್ತೆ. ಅದು ತಪ್ಪಿದ್ರೆ ಜನ ಹಿಡಿದುಬಿಡ್ತಾರೆ. "ಹಾಡು ತಪ್ಪಿದ್ರೆ ಜನ ಕ್ಷಮಿಸ್ತಾರೆ ಪುಟ್ಟಿ, ಬಿಟ್ ತಪ್ಪಿದ್ರೆ ಶಿಳ್ಳೆ ಬೀಳುತ್ತೆ" ಅಂತಾರೆ ಮಾವ. ಕೀಬೋರ್ಡಿನವಳಾಗಿ ನಾನೂ ಆ ಶಿಳ್ಳೆ ತಿಂದಿದೀನಿ.

ಈ ಜಗತ್ತಿನಿಂದ ಬಂದ ದೊಡ್ಡ ಹೆಸರು ಒಂದಿದೆ. ನಮ್ಮಲ್ಲಿ ಬಹಳ ಜನರಿಗೆ ಅವರ ಹಾಡು ಗೊತ್ತು, ಅವರ ಹಾಜರಿ ಪುಸ್ತಕ ಗೊತ್ತಿಲ್ಲ. ಸಿ. ಅಶ್ವತ್ಥ್. ಷರೀಫರ ತತ್ವಪದಗಳನ್ನ ಮನೆಮನೆಗೆ ತಲುಪಿಸಿದ ಅಶ್ವತ್ಥ್ ಐಟಿಐನ ನೌಕರ. 27 ವರ್ಷ ಅಲ್ಲಿ ಕೆಲಸ ಮಾಡಿ, 1992ರಲ್ಲಿ ಅಧಿಕಾರಿಯಾಗಿ ನಿವೃತ್ತರಾದರು. 'ಕಾಕನಕೋಟೆ'ಗೆ ಸಂಗೀತ ಕೊಟ್ಟದ್ದು, 'ಸಂತ ಶಿಶುನಾಳ ಷರೀಫ'ದ ಹಾಡುಗಳು, ಭಾವಗೀತೆಗಳ ಕ್ಯಾಸೆಟ್ಟು, ಇದೆಲ್ಲ ಕೆಲಸದಲ್ಲಿದ್ದುಕೊಂಡೇ. ನಾನು ಇದನ್ನ ಓದಿದ ದಿನ ಸುಮ್ಮನೆ ಕೂತು ಲೆಕ್ಕ ಹಾಕಿದೆ. ಬೆಳಗ್ಗೆ ಫ್ಯಾಕ್ಟರಿ ಬಸ್ಸು, ಹಗಲೆಲ್ಲ ಟೆಲಿಫೋನಿನ ಲೋಕ, ಸಂಜೆ ಹಾರ್ಮೋನಿಯಂ, ಮರುದಿನ ಮತ್ತೆ ಬಸ್ಸು. 27 ವರ್ಷ. ನಮಗೆ ವರ್ಕ್ ಲೈಫ್ ಬ್ಯಾಲೆನ್ಸ್ ಬಗ್ಗೆ ಟ್ರೇನಿಂಗ್ ಕೊಡೋಕೆ ಬಂದವರು ಯಾರೂ ಈ ಉದಾಹರಣೆ ಕೊಡಲಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ಅವರು ನಡೆಸಿದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಸೇರಿದ ಜನಸಾಗರ ನೋಡಿದವರು ಇನ್ನೂ ಮಾತಾಡ್ತಾರೆ. ಅದೇ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ನಮ್ಮ ಮ್ಯಾನೇಜರು ಕೊನೆಯ ಎರಡಕ್ಕೂ ಹೋಗಿದ್ದರು, ಮಾವ ಮೊದಲನೆಯದಕ್ಕೆ. ಇಬ್ಬರೂ "ಅಂಥದ್ದು ಇನ್ನೊಂದಿಲ್ಲ" ಅಂತಾರೆ. ಯಾರ ಹತ್ರಾನೂ ನಾನು ವಾದಕ್ಕೆ ಇಳಿದಿಲ್ಲ.

ಬೆಂಗಳೂರು ಸಾರಿಗೆ ಬಸ್ಸಿನ ಕಂಡಕ್ಟರ್ ಒಬ್ಬರು ಪೌರಾಣಿಕ ನಾಟಕಗಳಲ್ಲಿ ಪಾರ್ಟು ಮಾಡ್ತಾ, 1973ರಲ್ಲಿ ಮದರಾಸಿನ ಫಿಲಂ ಇನ್‌ಸ್ಟಿಟ್ಯೂಟ್ ಸೇರಿ ರಜನಿಕಾಂತ್ ಆದದ್ದು ಎಲ್ಲರಿಗೂ ಗೊತ್ತಿರೋ ಕತೆ, ಅದನ್ನ ಬಿಡ್ತೀನಿ. ಹೀಗೆ ಆದವರು ಒಬ್ಬರಾದರೆ ಆಗದೇ ಉಳಿದವರು ಸಾವಿರ. ನನಗೆ ಆಸಕ್ತಿ ಆ ಸಾವಿರದಲ್ಲಿ.

ಈ ಆರ್ಕೆಸ್ಟ್ರಾಗಳ ವರ್ಷದ ಫಸಲು ಗಣೇಶನ ಹಬ್ಬ. ಬಸವನಗುಡಿಯ ವಿದ್ಯಾರಣ್ಯ ಯುವಕ ಸಂಘದ ಬೆಂಗಳೂರು ಗಣೇಶ ಉತ್ಸವ 1962ರಿಂದ ನಡೀತಿದೆ. ಅಲ್ಲಿ ಹಾಡಿದವರು ದೊಡ್ಡ ದೊಡ್ಡವರು. ಅದರ ಕೆಳಗೆ, ಬಡಾವಣೆ ಬಡಾವಣೆಯ ಪೆಂಡಾಲುಗಳಲ್ಲಿ, ಕಾರ್ಖಾನೆ ಹುಡುಗರು. ಭಾದ್ರಪದದಿಂದ ರಾಜ್ಯೋತ್ಸವದವರೆಗೆ ಬಿಡುವಿಲ್ಲ. ಮಧ್ಯರಾತ್ರಿ ದಾಟಿ ಒಂದೂವರೆವರೆಗೂ ನಡೀತಿತ್ತಂತೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಬಂದು, ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಅಂತಾದ ಮೇಲೆ ಆ ಇಡೀ ರಾತ್ರಿಗಳು ಹೋದವು. ಅಪಾರ್ಟ್‌ಮೆಂಟಿನಲ್ಲಿ ಮಲಗೋ ನನಗೆ ಆ ನಿಯಮ ಬೇಕು, ಕೀಬೋರ್ಡಿನ ನನಗೆ ಬೇಡ.

ಹದಿನಾಲ್ಕು ಜನ ಐದಾದದ್ದು ಹೇಗೆ? ಯಂತ್ರದಿಂದ. 1983ರಲ್ಲಿ ಯಮಹಾದ ಡಿಎಕ್ಸ್7, 1985ರಲ್ಲಿ ರೋಲ್ಯಾಂಡಿನ ಆಕ್ಟೋಪ್ಯಾಡ್. ಎಂಟು ರಬ್ಬರ್ ಚೌಕಗಳ ಆ ಪೆಟ್ಟಿಗೆ ನಮ್ಮ ಕಡೆ ಬರೋಕೆ ಕೆಲವು ವರ್ಷ ಹಿಡೀತು. ಬಂದದ್ದೇ ತಡ, ತಬಲಾ, ಡೋಲಕ್, ಕಾಂಗೋ ಮೂವರೂ ಒಬ್ಬನೇ ಕೋಲು ಹಿಡಿದವನಾದ. ಕೊಳಲು, ಮ್ಯಾಂಡೋಲಿನ್ನು, ಅಕಾರ್ಡಿಯನ್ನು ಕೀಬೋರ್ಡಿನೊಳಗೆ ಹೋದವು. ಟ್ಯಾಕ್ಸಿಗೆ ಹಿಡಿಸೋ ಆರ್ಕೆಸ್ಟ್ರಾ! ಆಯೋಜಕರಿಗೆ ಖುಷಿ. ಆಮೇಲೆ ಮೈನಸ್ ಟ್ರ್ಯಾಕ್ ಬಂತು, ಗಾಯಕನೊಬ್ಬ ಇದ್ದರೆ ಸಾಕು. ಮಾವನ ಕೈಕೆಲಸ ಕಿತ್ತುಕೊಂಡ ಪೆಟ್ಟಿಗೆಯ ಹಿಂದೆ ನಾನೇ ನಿಂತಿದ್ದೆ ಅನ್ನೋದು ನನಗೆ ಹೊಳೆದದ್ದು ತಡವಾಗಿ. ಅವರು ಅದನ್ನ ಯಾವತ್ತೂ ಎತ್ತಿ ಆಡಲಿಲ್ಲ. ಒಮ್ಮೆ ಮಾತ್ರ ನನ್ನ ಕೀಬೋರ್ಡಿನ 'ಅಕಾರ್ಡಿಯನ್' ಬಟನ್ ಒತ್ತಿ ಕೇಳಿ, "ಉಸಿರಿಲ್ಲ ಕಣಮ್ಮಾ ಇದಕ್ಕೆ" ಅಂದರು.

ನಮ್ಮ ಕಾಲಕ್ಕೆ ಬರೋಣ. 1985ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು, ಆಮೇಲಿನ ಮೆರವಣಿಗೆ ನಿಮಗೇ ಗೊತ್ತು. ಈ ಲೋಕದಲ್ಲೂ ಎರಡು ದೋಣಿಯವರು ಇದ್ದರು. 2006ರ ಕೊನೆಗೆ 'ಮುಂಗಾರು ಮಳೆ' ಬಿಡುಗಡೆಯಾಗಿ ನಮ್ಮ ಪೀಳಿಗೆಯವರ ಮೊಬೈಲುಗಳಲ್ಲೆಲ್ಲ ಅದೇ ಹಾಡು. ಅದರ ಸಂಗೀತ ನಿರ್ದೇಶಕ ಮನೋಮೂರ್ತಿ ಅಮೆರಿಕದಲ್ಲಿ ಟೆಕ್ ಕಂಪನಿಗಳನ್ನ ಕಟ್ಟಿದ ಉದ್ಯಮಿ. ರಘು ದೀಕ್ಷಿತ್ ಮೈಕ್ರೋಬಯಾಲಜಿ ಓದಿದವರು. ನಮ್ಮ ಹುಬ್ಬಳ್ಳಿ ಹುಡುಗ ಇವರಿಬ್ಬರ ಹೆಸರನ್ನ ಅಪ್ಪನಿಗೆ ಉದಾಹರಣೆ ಕೊಟ್ಟು ಬೈಸಿಕೊಂಡಿದ್ದ. "ಅವರು ಅವರದ ಹಾಡು ಹಾಡ್ತಾರೋ, ನೀ ಮಂದಿ ಹಾಡು ಹಾಡ್ತೀ" ಅಂದರಂತೆ ಅಪ್ಪ.

ಹೌದು, ನಾವು ಮಂದಿ ಹಾಡು ಹಾಡುವವರೇ. ಅದಕ್ಕೆ ಕಾನೂನಿನ ಆಶೀರ್ವಾದವೂ ಇದೆ, ಇದು ನನಗೆ ಬಹಳ ಇಷ್ಟವಾದ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಒಂದು ಪುಟ್ಟ ಕಿಟಕಿ ಇದೆ. ಹವ್ಯಾಸಿ ಸಂಘದವರು, ದುಡ್ಡು ಕೊಡದ ಪ್ರೇಕ್ಷಕರ ಮುಂದೆ, ಇಲ್ಲವೇ ಧಾರ್ಮಿಕ ಸಂಸ್ಥೆಯ ಸಹಾಯಕ್ಕಾಗಿ ಹಾಡಿದರೆ ಅದು ಉಲ್ಲಂಘನೆ ಅಲ್ಲ. ಅಂದ್ರೆ ಗಣೇಶನ ಪೆಂಡಾಲು, ಫ್ಯಾಕ್ಟರಿ ಕ್ಯಾಂಟೀನು, ಆಫೀಸಿನ ಕೆಫೆಟೇರಿಯಾ ಎಲ್ಲ ಕಾನೂನಿನ ಕಣ್ಣಿಗೆ ಬಿದ್ದಿವೆ. ಯಾರೋ ಪುಣ್ಯಾತ್ಮ ಅದನ್ನ ಬರೆಯುವಾಗ ನಮ್ಮನ್ನ ನೆನೆಸ್ಕೊಂಡಿದ್ದ.

ನಾಲ್ಕು ವರ್ಷ ನುಡಿಸಿದೆವು. ನಾಲ್ಕು ರಾಜ್ಯೋತ್ಸವ, ಮೂರು ಆನ್ಯುಯಲ್ ಡೇ, ಸಹೋದ್ಯೋಗಿಯೊಬ್ಬರ ಆರತಕ್ಷತೆ ಒಂದು. ಆರತಕ್ಷತೆಯಲ್ಲಿ ಕರೆಂಟು ಹೋಗಿ, ಜನರೇಟರ್ ಹತ್ತಿಕೊಳ್ಳೋವರೆಗೆ ಹುಬ್ಬಳ್ಳಿ ಹುಡುಗ ಮೈಕಿಲ್ಲದೆ, ಶ್ರುತಿಯಿಲ್ಲದೆ ದಾಸರ ಪದ ಹಾಡಿದ್ದ. ಇನ್ನೂರು ಜನ ಪಿನ್ ಡ್ರಾಪ್ ಸೈಲೆಂಟು. ಕರೆಂಟು ಬಂದಾಗ ನಮಗೇ ಬೇಜಾರಾಯ್ತು.

2012ರ ರಾಜ್ಯೋತ್ಸವಕ್ಕೆ ಆರು ವಾರ ತಯಾರಿ ನಡೆಸಿದ್ದೆವು. ಅಕ್ಟೋಬರಿನ ಒಂದು ಗುರುವಾರ ಡ್ರಮ್ಸ್ ಹುಡುಗನನ್ನ ಮೀಟಿಂಗ್ ರೂಮಿಗೆ ಕರೆದರು. ಬೆಲ್ ಕರ್ವ್ ಅಂತಾರಲ್ಲ, ಇಂತಿಷ್ಟು ಜನರನ್ನ ತಳದಲ್ಲಿ ಇಡಲೇಬೇಕು ಅನ್ನೋ ಲೆಕ್ಕ, ಆ ವರ್ಷ ತಳದಲ್ಲಿದ್ದವರನ್ನ ರಾಜೀನಾಮೆ ಕೊಡಿ ಅಂದರು. ಹೆಸರು ಬರೆದುಕೊಟ್ಟವರು ಯಾರು? ಅವನ ಮ್ಯಾನೇಜರು. ನಮ್ಮ ಲೀಡ್ ಗಿಟಾರು. ತಿಂಗಳ ಕೊನೆಗೆ ಕೆಲಸ ಮುಗಿಯಿತು, ಐಡಿ ಕಾರ್ಡು ವಾಪಸ್ಸಾಯಿತು.

ಮಾವನ ಕಾಲದ ಹಾಗೆ ಯೂನಿಯನ್ ಆಫೀಸಿಗೆ ಹೋಗಿ ಕೂರೋಕೆ ಯೂನಿಯನ್ನೇ ಇರಲಿಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಮತ್ತೆ ಮತ್ತೆ ವಿನಾಯಿತಿ ಕೊಡ್ತಾ ಬಂದಿತ್ತು. ಅದೇನು ಅಂತ ನಾನು ತಿಳ್ಕೊಂಡದ್ದೂ ಅವತ್ತಿನ ಮೇಲೇ.

ಆ ಶನಿವಾರ ಪ್ರಾಕ್ಟೀಸಿಗೆ ಅವನು ಬರಲ್ಲ ಅನ್ಕೊಂಡಿದ್ದೆವು. ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಮ್ಯಾನೇಜರೂ ಬಂದರು, ಗಿಟಾರು ತೆಗೆದರು, ಟ್ಯೂನ್ ಮಾಡ್ತಾ ಮಾಡ್ತಾ ಹತ್ತು ನಿಮಿಷ ತಗೊಂಡರು. ಯಾರೂ ಮಾತಾಡಲಿಲ್ಲ. ಎರಡನೇ ಹಾಡಿನಲ್ಲಿ ಅವರು ಮತ್ತೆ ಓಡಿದರು. ಹುಡುಗ ಬಾರಿಸೋದು ನಿಲ್ಲಿಸಿದ. ಯಾವತ್ತಿನಂತೆ "ನನ್ನ ಕಿಕ್ ಕೇಳಿಸ್ಕೊಳ್ಳಿ ಸರ್" ಅನ್ನಲಿಲ್ಲ. ಸುಮ್ಮನೆ ಮತ್ತೆ ಒಂದರಿಂದ ಎಣಿಸಿ ಶುರುಮಾಡಿದ. ಅವನು ಬೈದಿದ್ದರೆ ಚೆನ್ನಾಗಿತ್ತು.

ಕಾರ್ಯಕ್ರಮ ನವೆಂಬರ್ ಎರಡನೇ ವಾರ. ಗೇಟಿನಲ್ಲಿ ಸೆಕ್ಯುರಿಟಿಯವರು ಅವನಿಗೆ ವಿಸಿಟರ್ ಪಾಸ್ ಕೊಟ್ಟರು. ಬಂದ ಉದ್ದೇಶದ ಜಾಗದಲ್ಲಿ 'ವೆಂಡರ್' ಅಂತ ಬರೆದಿತ್ತು. ಪಾಪ, ಸೆಕ್ಯುರಿಟಿಯವರಿಗೆ ಬೇರೆ ಕಾಲಂ ಇರಲಿಲ್ಲ. ಹಸಿರು ಪಟ್ಟಿ ಕತ್ತಿಗೆ ಹಾಕ್ಕೊಂಡೇ ಬಾರಿಸಿದ, ನಾಲ್ಕು ವರ್ಷದಲ್ಲಿ ನಾನು ಕೇಳಿದ ಅವನ ಅತ್ಯುತ್ತಮ ಬಾರಿಸುವಿಕೆ ಅದು. ಅವನ ಬಲಗಡೆ ಎರಡೇ ಹೆಜ್ಜೆ ದೂರದಲ್ಲಿ ಮ್ಯಾನೇಜರು, ಹಾಡು ಮುಗಿಯೋವರೆಗೂ ತಲೆ ಎತ್ತದೆ ಫ್ರೆಟ್ಟನ್ನೇ ನೋಡ್ತಾ. ಅವರನ್ನ ಬೈಯೋದು ಸುಲಭ, ನಾನೂ ಬಹಳ ದಿನ ಬೈದೆ. ಅವರ ಮೇಲಿನವರು ಅವರಿಗೊಂದು ಲೆಕ್ಕ ಕೊಟ್ಟಿದ್ದರು, ಆ ಲೆಕ್ಕ ತುಂಬೋಕೆ ಅವರ ಮುಂದಿದ್ದದ್ದು ಎಂಟು ಹೆಸರು, ಅದರಲ್ಲಿ ನಂದೂ ಒಂದು. ಈ ಕೊನೇ ಮಾತು ನನ್ನನ್ನ ಇವತ್ತಿಗೂ ಬಿಟ್ಟಿಲ್ಲ.

ಅವತ್ತು ಮನೆಯವರನ್ನ ಕರೀಬಹುದಿತ್ತು, ಅಮ್ಮ, ಮಾವ ಇಬ್ಬರೂ ಬಂದಿದ್ದರು. ಕ್ಯಾಬಿನಲ್ಲಿ ವಾಪಸ್ ಹೋಗುವಾಗ ಮಾವ ಕೇಳಿದರು, "ನಿಮ್ಮೆಲ್ಲರ ಕತ್ತಲ್ಲಿ ನೀಲಿ ಪಟ್ಟಿ, ಆ ಡ್ರಮ್ಸ್ ಹುಡುಗಂದು ಯಾಕಮ್ಮಾ ಹಸಿರು?" ಹೇಳಿದೆ. ಸಿಲ್ಕ್ ಬೋರ್ಡ್ ದಾಟೋವರೆಗೂ ಅವರು ಮಾತಾಡಲಿಲ್ಲ.

ಆಮೇಲೆ ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ ಶುರುವಾಯಿತಲ್ಲ, 77 ದಿನ ನಡೆದದ್ದು, ಸಂಬಳವಿಲ್ಲ. ಎರಡನೇ ತಿಂಗಳು ಮಾವ ಅಕಾರ್ಡಿಯನ್ನನ್ನ ಬಳೇಪೇಟೆಗೆ ಒಯ್ದು ಮಾರಿದರು. ಈಗಲೂ ವಾದ್ಯಗಳ ಅಂಗಡಿ ಸಾಲು ಸಾಲಾಗಿರೋ ಅದೇ ಬೀದಿ. ಮುಷ್ಕರ ಮುಗಿದು ಕೆಲಸಕ್ಕೆ ಮರಳಿದ ಮೇಲೆ ಆರ್ಕೆಸ್ಟ್ರಾ ಮತ್ತೆ ಶುರುವಾಯಿತು. ಆದ್ರೆ ಮುಷ್ಕರದ ನಡುವೆ ಒಳಗೆ ಹೋದ ಇಬ್ಬರು, ಹೊರಗೇ ನಿಂತ ಹನ್ನೆರಡು ಜನ ಒಂದೇ ಸ್ಟೇಜಿನ ಮೇಲೆ ನಿಲ್ಲೋದು ಕಷ್ಟವಾಯಿತು. "ಆ ಇಬ್ಬರಲ್ಲಿ ಕೊಳಲಿನವನೂ ಒಬ್ಬ. ಅವನ ಮನೇಲಿ ಕಾಯಿಲೆ ಇತ್ತು, ಆಮೇಲೆ ಗೊತ್ತಾಯ್ತು. ಒಂದು ವರ್ಷ ಅವನ ಜೊತೆ ಮಾತಿಲ್ಲದೇ ನುಡಿಸಿದ್ವಿ" ಅಂದರು. ಅಮ್ಮ ಕಿಟಕಿ ಕಡೆ ತಿರುಗಿಕೊಂಡಳು.

ನಮ್ಮ ಬ್ಯಾಂಡು ಮತ್ತೆ ಸೇರಲಿಲ್ಲ. ಮುಂದಿನ ವರ್ಷ ಆಫೀಸಿನವರು ರಾಜ್ಯೋತ್ಸವಕ್ಕೆ ಕರೋಕೆ ಇಟ್ಟರು. ಮ್ಯಾನೇಜರು ಬೇರೆ ಕಂಪನಿಗೆ ಹೋದರು, ಬೇಸಿನವರು ಕೆನಡಾಕ್ಕೆ. ವಾಟ್ಸ್ಯಾಪ್ ಗುಂಪಿನಲ್ಲಿ ಹಬ್ಬದ ಶುಭಾಶಯ ಮಾತ್ರ ಉಳಿಯಿತು. 2020ರ ಸೆಪ್ಟೆಂಬರಿನಲ್ಲಿ ಎಸ್ಪಿಬಿ ತೀರಿಕೊಂಡ ದಿನ ಹುಬ್ಬಳ್ಳಿ ಹುಡುಗ ಅಲ್ಲಿ ಒಂದು ಆಡಿಯೋ ಹಾಕಿದ, ನಮ್ಮ ಹಳೇ ಪ್ರಾಕ್ಟೀಸಿನದು. ಕರಿ ಎರಡರಲ್ಲಿ. ಎಲ್ಲರೂ ಕೇಳಿರಬೇಕು, ಉತ್ತರ ಯಾರದ್ದೂ ಇಲ್ಲ.

ಡ್ರಮ್ಸ್ ಹುಡುಗ ಈಗ ಹಾಸನದಲ್ಲಿ. ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ, ಸಂಜೆ ಹೊತ್ತು ಆಕ್ಟೋಪ್ಯಾಡು. ಹೋದ ವರ್ಷ ಗಣೇಶನ ಹಬ್ಬದ ಮುಂಚೆ ಫೋನು ಮಾಡಿದ. "ಮೇಡಂ, ನಮ್ ಕೀಬೋರ್ಡಿನವ್ನು ಕೈ ಕೊಟ್ಟ. ಶನಿವಾರ ಪ್ರೋಗ್ರಾಂ. ಬರ್ತೀರಾ?" ಕೀಬೋರ್ಡಿನ ಧೂಳು ಒರೆಸಿ, ಮಾವನ ಪುಸ್ತಕವನ್ನೂ ಚೀಲಕ್ಕೆ ಹಾಕ್ಕೊಂಡು ಹೊರಟೆ.

ಇಪ್ಪತ್ತೆರಡು ಹಾಡು, ಅದರಲ್ಲಿ ಆರು ರಾಜನ್–ನಾಗೇಂದ್ರ. ನಾಲ್ಕನೇ ಹಾಡಿನ ಬಿಟ್ಟಿನಲ್ಲಿ ನಾನು ಓಡಿಬಿಟ್ಟೆ. ಹಿಂದಿನಿಂದ ಅವನ ದನಿ, ಮೈಕಿಗೂ ಕೇಳೋ ಹಾಗೆ: "ಮೇಡಂ, ನನ್ನ ಕಿಕ್ ಕೇಳಿಸ್ಕೊಳ್ಳಿ!" ಪೆಂಡಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಹತ್ತು ಗಂಟೆಗೆ ಸರಿಯಾಗಿ ಪೊಲೀಸ್ ಜೀಪು ಬಂದು ನಿಂತಿತು, ಸೌಂಡಿನವನು ವೈರು ಸುತ್ತೋಕೆ ಶುರುಮಾಡಿದ. ಸಂಘದವರು ಎಲ್ಲರಿಗೂ ಒಂದೊಂದು ಕವರು, ಒಂದು ತೆಂಗಿನಕಾಯಿ, ಕಡುಬಿನ ಪೊಟ್ಟಣ ಕೊಟ್ಟರು. ಕವರಿನಲ್ಲಿ ಎಂಟುನೂರು ರೂಪಾಯಿ ಇತ್ತು. ಅಮ್ಮನಿಗೆ ಫೋನು ಮಾಡಿ ಹೇಳಿದೆ. "ಲೈವ್ ಬ್ಯಾಂಡಿನ ದುಡ್ಡಾ?" ಅಂದಳು.